ಲೋಣಾರದ ಗುಂಡಿ, ಹೊನವಾಡದ ಕಲ್ಲು

ನಾನು ಮಾಡಿದ ಒಂದು ತಪ್ಪು ಪಾಠದ ಕಥೆಯಿಂದ ಈ ಮಾತನ್ನು ಆರಂಭಿಸುತ್ತೇನೆ.

1986ರ ಸುಮಾರಿಗೆ ನಾನು ವಿಜಯಪುರ ಜಿಲ್ಲೆಯ ಪಶ್ಚಿಮ ಭಾಗದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಉಪಾಧ್ಯಾಯನಾಗಿದ್ದೆ. ಊರಿಗೆ ಆಗ ಬಿಜಾಪುರವೆಂದೇ ಹೆಸರು, ವಿಜಯಪುರವಾದದ್ದು 2014ರಲ್ಲಿ. ಇತಿಹಾಸ ನನ್ನ ಪ್ರೀತಿಯ ವಿಷಯ. ಭೂಗೋಳ ನನ್ನ ಪಾಲಿಗೆ ಬಂದ ವಿಷಯ. ಒಂದು ದಿನ ದಖ್ಖನ್ ಪ್ರಸ್ಥಭೂಮಿಯ ಪಾಠ ನಡೆದಿತ್ತು. ನಮ್ಮ ನಾಡಿನ ಕರಿಕಲ್ಲು ಜ್ವಾಲಾಮುಖಿಯ ಶಿಲಾರಸ ಆರಿ ಆದದ್ದೆಂದು ವಿವರಿಸಿದೆ. ವಿವರಣೆಗೆ ಒಂದು ಚಿತ್ರ ಬೇಕಲ್ಲ? ಮಹಾರಾಷ್ಟ್ರದ ಬುಲಢಾಣಾ ಜಿಲ್ಲೆಯಲ್ಲಿ, ಗುಡ್ಡಗಾಡಿನ ನಡುವೆ, ಲೋಣಾರ ಎಂಬ ದುಂಡನೆಯ ಉಪ್ಪುನೀರಿನ ಸರೋವರವಿದೆ. ಅದೇ ಆರಿಹೋದ ಜ್ವಾಲಾಮುಖಿಯ ಬಾಯಿ ಎಂದು ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದೆ. ನನಗೆ ನನ್ನ ಗುರುಗಳು ಹೇಳಿದ್ದುದು ಹಾಗೆಯೇ. ಅವರ ಮಾತನ್ನು ಪರೀಕ್ಷಿಸುವ ಯೋಚನೆ ನನಗೆ ಬಂದಿರಲಿಲ್ಲ.

ಹೊನವಾಡದ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ಎದ್ದು ನಿಂತ. ಆ ವರ್ಷ ಅವನ ಮನೆಯಲ್ಲಿ ಬಾವಿ ತೋಡಿಸುತ್ತಿದ್ದರು. "ಸರ, ನಮ್ಮ ಬಾವ್ಯಾಗಿನ ಕಲ್ಲ ಅಲ್ಲಿಂದನ ಹರದ ಬಂದದ್ದೇನ್ರಿ?" ಎಂದು ಕೇಳಿದ. ಹೌದೆಂದೆ. ಅವನು ಕುಳಿತುಕೊಳ್ಳಲಿಲ್ಲ. "ಅದರಾಗಿಂದ ಇಷ್ಟೆಲ್ಲ ಕಲ್ಲ ಹೊರಗ ಬಂದಿದ್ರ, ಅದರ ಸುತ್ತ ದೊಡ್ಡ ಗುಡ್ಡ ಇರಬೇಕಿತ್ತಲ್ರಿ? ಬರೀ ಗುಂಡಿ ಹೆಂಗ ಉಳೀತು?" ಎಂದ. ತರಗತಿ ನಕ್ಕಿತು. ಉತ್ತರ ನನ್ನಲ್ಲಿರಲಿಲ್ಲ. ಉತ್ತರವಿಲ್ಲದ ಉಪಾಧ್ಯಾಯರು ಮಾಡುವುದನ್ನೇ ನಾನೂ ಮಾಡಿದೆ; ಅಧಿಕಪ್ರಸಂಗಿ ಎಂದು ಗದರಿ ಅವನನ್ನು ಹೊರಗೆ ನಿಲ್ಲಿಸಿದೆ.

ಹತ್ತು ಹನ್ನೆರಡು ವರ್ಷಗಳ ಮೇಲೆ ಗ್ರಂಥಾಲಯವೊಂದರಲ್ಲಿ ಬೇರೇನನ್ನೋ ಹುಡುಕುತ್ತಿರುವಾಗ ಲೋಣಾರದ ಮೇಲಿನ ಒಂದು ಲೇಖನ ಕಣ್ಣಿಗೆ ಬಿತ್ತು. ಅದು ಜ್ವಾಲಾಮುಖಿಯಲ್ಲ, ಆಕಾಶದಿಂದ ಬಿದ್ದ ಉಲ್ಕೆಯೊಂದು ತೋಡಿದ ಹಳ್ಳ, ಮತ್ತು ಈ ಸಂಗತಿ ನಾನು ಆ ಪಾಠ ಮಾಡುವುದಕ್ಕೆ 13 ವರ್ಷ ಮೊದಲೇ, 1973ರಲ್ಲಿಯೇ, ಸಾಧಾರವಾಗಿ ಪ್ರಕಟವಾಗಿತ್ತು. ನಾನು ಪಾಠವನ್ನು ತಿದ್ದಿಕೊಂಡೆ. ಆದರೆ ಅಷ್ಟರೊಳಗೆ ಶಾಲೆ ಬಿಟ್ಟು ಹೋಗಿದ್ದವರಿಗೆ ತಿದ್ದಿ ಹೇಳಲಿಲ್ಲ. ಹೊರಗೆ ನಿಲ್ಲಿಸಿದ ಹುಡುಗನ ನೆನಪು ಆಗಾಗ ಚುಚ್ಚುತ್ತಿತ್ತು. ನಿವೃತ್ತನಾದ ಮೇಲೆ, ಈ ಲೋಣಾರವನ್ನು ಒಮ್ಮೆ ಕಣ್ಣಾರೆ ಕಂಡು ಬರಬೇಕೆಂಬ ಹಟ ಹುಟ್ಟಿತು. 2022ರ ಡಿಸೆಂಬರಿನಲ್ಲಿ ಅದು ಕೈಗೂಡಿತು.

ಪ್ರಯಾಣಕ್ಕೆ ಮೊದಲು ಹೊರಟ ಜಾಗದ ಪರಿಚಯ ಹೇಳಬೇಕು. ಹೊನವಾಡ, ವಿಜಯಪುರದಿಂದ ತಿಕೋಟಾ ದಾಟಿ ಪಶ್ಚಿಮಕ್ಕೆ, ಮಹಾರಾಷ್ಟ್ರದ ಜತ್ತ ತಾಲೂಕಿನ ಗಡಿಗೆ ಸಮೀಪದಲ್ಲಿದೆ. ಇಂದು ಅದು ಬಯಲುಸೀಮೆಯ ಒಂದು ಹಳ್ಳಿ. ಆದರೆ 11ನೆಯ ಶತಮಾನದಲ್ಲಿ ಅದರ ಹೆಸರು ಪೊನ್ನವಾಡ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ಕಾಲದ, 1054ನೆಯ ಇಸವಿಯ ಶಾಸನವೊಂದು ಅಲ್ಲಿ ದೊರೆತಿದೆ. ರಾಣಿ ಕೇತಲದೇವಿ ಪೊನ್ನವಾಡದ ಅಗ್ರಹಾರವನ್ನು ಆಳುತ್ತಿದ್ದಳೆಂದೂ, ಅವಳ ಅಧಿಕಾರಿಯಾದ ಚಾಂಕಿರಾಜನು ಅಲ್ಲಿ ತ್ರಿಭುವನತಿಲಕವೆಂಬ ಶಾಂತಿನಾಥ ಬಸದಿಯನ್ನು ಕಟ್ಟಿಸಿದನೆಂದೂ ಅದರಿಂದ ತಿಳಿಯುತ್ತದೆ. ಫ್ಲೀಟರು 1890ರಲ್ಲಿ ಈ ಶಾಸನವನ್ನು ವಿದ್ವಲ್ಲೋಕಕ್ಕೆ ಪರಿಚಯಿಸಿದರು. ಇದು ಇತಿಹಾಸದ ವಿದ್ಯಾರ್ಥಿಗೆ ಗೊತ್ತಿರುವ ಹೊನವಾಡ.

ಬಾವಿ ತೋಡುವವನಿಗೆ ಗೊತ್ತಿರುವ ಹೊನವಾಡ ಇನ್ನೊಂದಿದೆ. ಮೇಲೆ ಎರೆಮಣ್ಣು, ಬೇಸಗೆಯಲ್ಲಿ ಕಾಲು ಹೋಗುವಷ್ಟು ಬಿರಿದು, ಹಿಂಗಾರಿನಲ್ಲಿ ಬಿಳಿಜೋಳ ಕೊಡುವ ಕಪ್ಪು ನೆಲ. ಅದರ ಕೆಳಗೆ ಗರಸು. ಅದರ ಕೆಳಗೆ ಸುತ್ತಿಗೆಗೆ ಕಿಡಿ ಹಾರಿಸುವ ಕರಿಕಲ್ಲು. ಅದನ್ನೂ ಒಡೆದು ಇಳಿದರೆ ಗುಳ್ಳೆಗುಳ್ಳೆಯಾದ ಕಲ್ಲು. ಆ ಗುಳ್ಳೆಗಳಲ್ಲಿ ಮಕ್ಕಳು ಆಯ್ದು ಜೇಬಿಗಿಟ್ಟುಕೊಳ್ಳುವ ಬಿಳಿಯ ಹರಳುಗಳು. ಅಲ್ಲಲ್ಲಿ ಎರಡು ಕಲ್ಲಿನ ಪದರಗಳ ನಡುವೆ ಇಟ್ಟಿಗೆಯ ಬಣ್ಣದ ಮಣ್ಣು. ಒಂದು ಬಾರಿ ಶಿಲಾರಸ ಹರಿದು ಆರಿದ ಮೇಲೆ, ಇನ್ನೊಂದು ಹರಿದು ಬರುವ ತನಕ, ನಡುವಿನ ಕಾಲದಲ್ಲಿ ಬಿಸಿಲು ಮಳೆಗೆ ಕಲ್ಲಿನ ಮೇಲ್ಮೈ ಕೊಳೆತು ಆದ ಮಣ್ಣು ಅದು. ಬಾವಿಯ ಗೋಡೆ ಹೀಗೆ ಒಂದು ಕಡತ. ಓದಬಲ್ಲವನಿಗೆ ಪ್ರತಿ ಪದರವೂ ಒಂದು ಅಧ್ಯಾಯ.

ಈ ಕಡತದ ಒಟ್ಟು ಗಾತ್ರ ಊಹೆಗೆ ಮೀರಿದ್ದು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಈ ಶಿಲಾರಸ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಹೊದ್ದುಕೊಂಡಿದೆ. ಪಶ್ಚಿಮ ಘಟ್ಟದ ಕಡೆ ಅದರ ದಪ್ಪ 2 ಕಿಲೋಮೀಟರಿನವರೆಗೆ ಹೋಗುತ್ತದೆ; ಪೂರ್ವಕ್ಕೂ ದಕ್ಷಿಣಕ್ಕೂ ಬರುತ್ತ ತೆಳುವಾಗುತ್ತದೆ. ನಮ್ಮ ವಿಜಯಪುರ ಜಿಲ್ಲೆ ಇದರ ದಕ್ಷಿಣದ ಸೆರಗು. ಕೃಷ್ಣೆಯನ್ನು ದಾಟಿ ಬಾಗಲಕೋಟೆ, ಬಾದಾಮಿಗಳ ಕಡೆಗೆ ಹೋದರೆ ಕರಿಕಲ್ಲು ಮುಗಿದು ಕೆಂಪು ಮರಳುಗಲ್ಲು ಕಾಣಿಸುತ್ತದೆ. ಈ ಸೀಮೆಯ ಕಲ್ಲುಗಳನ್ನು ನಡೆದು ನೋಡಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1876ರಷ್ಟು ಹಿಂದೆಯೇ ದೊಡ್ಡ ವರದಿ ಬರೆದ. ಬಾದಾಮಿಯ ಚಾಲುಕ್ಯರು ಮೆತ್ತನೆಯ ಮರಳುಗಲ್ಲನ್ನು ಕೊರೆದರು. ರಾಷ್ಟ್ರಕೂಟರ ಕೃಷ್ಣ ಎಲ್ಲೋರದಲ್ಲಿ ಕೈಲಾಸವನ್ನು ಕಡೆಸಿದ್ದು ಈ ಕರಿಕಲ್ಲಿನಲ್ಲಿ. ಆದಿಲಶಾಹಿಗಳು 1656ರ ಹೊತ್ತಿಗೆ ಗೋಲಗುಂಬಜವನ್ನು ಎತ್ತಿದ್ದೂ ಇದರಲ್ಲಿಯೇ. ನಮ್ಮ ರಾಜವಂಶಗಳ ಶಿಲ್ಪ ಅವರವರ ಕಾಲ ಕೆಳಗಿನ ನೆಲ ಕೊಟ್ಟಂತೆ ಬೆಳೆಯಿತು.

ಈಗ ಪ್ರಯಾಣಕ್ಕೆ ಬರುತ್ತೇನೆ. ವಿಜಯಪುರದಿಂದ ಉತ್ತರಕ್ಕೆ ಹೊರಟು ಭೀಮೆಯನ್ನು ದಾಟಿ ಸೊಲ್ಲಾಪುರ. ಅಲ್ಲಿಂದ ತುಳಜಾಪುರ, ಧಾರಾಶಿವ, ಬಾಲಾಘಾಟದ ಗುಡ್ಡಗಳನ್ನು ಹಾಯ್ದು ಬೀಡ. ಬಸ್ಸಿನ ಕಿಟಕಿಯಿಂದ ಕಾಣುವ ಗುಡ್ಡಗಳಿಗೆ ಶಿಖರವಿಲ್ಲ. ತಲೆ ಸಮತಟ್ಟು, ಪಕ್ಕೆ ಮೆಟ್ಟಿಲು ಮೆಟ್ಟಿಲು. ಭೂವಿಜ್ಞಾನಿಗಳು ಈ ಕಲ್ಲಿಗೆ ಇಟ್ಟ ಟ್ರ್ಯಾಪ್ ಎಂಬ ಹೆಸರಿನ ಮೂಲದಲ್ಲಿಯೇ ಮೆಟ್ಟಿಲು ಎಂಬ ಅರ್ಥವಿದೆ. ಗೇವರಾಯಿಯ ಆಚೆ ಶಹಾಗಡದಲ್ಲಿ ಗೋದಾವರಿ ಎದುರಾಯಿತು. ಸೇತುವೆಯ ಮೇಲೆ ಬಸ್ಸು ಹೋಗುತ್ತಿರುವಾಗ ಮನಸ್ಸು ಸಹಜವಾಗಿ ಕವಿರಾಜಮಾರ್ಗಕ್ಕೆ ಹೋಯಿತು. ನೃಪತುಂಗನ ಕಾಲದ ಆ ಗ್ರಂಥ ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಇಲ್ಲಿಯವರೆಗೆ ಹೇಳುತ್ತದೆ. ಲೋಣಾರ ಈ ನದಿಯ ಉತ್ತರಕ್ಕಿದೆ. ಎಂದರೆ ಆ ಎಲ್ಲೆಯ ಹೊಸ್ತಿಲು ದಾಟಿದೊಡನೆ. ಆದರೆ ರಾಜ್ಯಗಳು ನುಡಿಯ ಎಲ್ಲೆಗೆ ನಿಲ್ಲುವುದಿಲ್ಲ. ಮುಂದೆ ದೇವಗಿರಿಯ ಯಾದವರ ಕಾಲದಲ್ಲಿ ನಮ್ಮ ವಿಜಯಪುರದ ಸೀಮೆಯೂ ಈ ಸೀಮೆಯೂ ಒಂದೇ ಛತ್ರದ ಕೆಳಗಿದ್ದವು. ಅದೇ ಅರಸರು ನಮ್ಮ ಕಡೆ ಕನ್ನಡದಲ್ಲಿ ಶಾಸನ ಬರೆಯಿಸಿದರು.

ಜಾಲನಾದಲ್ಲಿ ರಾತ್ರಿ ಕಳೆದು, ಮಂಠಾದ ಮೇಲೆ ಬೆಳಗಿನ ಹೊತ್ತಿಗೆ ಲೋಣಾರ ಸೇರಿದೆ. ಹತ್ತಿ, ತೊಗರಿಯ ಹೊಲಗಳು, ಅದೇ ಎರೆಮಣ್ಣು, ಭಾಷೆಯೊಂದನ್ನು ಬಿಟ್ಟರೆ ನಮ್ಮ ಕಡೆಯ ಊರೇ. ಸರೋವರದ ಸುಳಿವೇ ಇಲ್ಲ. ಊರ ಅಂಚಿನಲ್ಲಿ ಸ್ವಲ್ಪ ಏರು ಹತ್ತಿದೆ. ಏರು ಮುಗಿದಲ್ಲಿ ನೆಲ ಮುಗಿಯಿತು.

ಕೆಳಗೆ ಒಂದು ಮಹಾ ಬೋಗುಣಿ. ಅಂಚಿನಿಂದ ಅಂಚಿಗೆ 1,830 ಮೀಟರು. ಆಳ ಸುಮಾರು 140 ಮೀಟರು. ಗೋಲಗುಂಬಜವನ್ನು ಎತ್ತಿ ಅದರೊಳಗೆ ಇಟ್ಟರೆ ತಲೆ ಹೊರಗೆ ಕಾಣದು. ಎರಡನ್ನು ಒಂದರ ಮೇಲೊಂದು ಇಟ್ಟರೂ ಕಾಣದು. ತಳದಲ್ಲಿ ಹಸಿರು ನೀರಿನ ತಟ್ಟೆ, ನೀರಿನ ಸುತ್ತ ಕಾಡು, ಕಾಡಿನ ಸುತ್ತ ಕಡಿದಾದ ಗೋಡೆ. ಗೋಡೆಯ ಮೇಲೆ ಅದೇ ಕರಿಕಲ್ಲಿನ ಪದರಗಳು. ಬಾವಿಯ ಗೋಡೆಯಲ್ಲಿ ನಾನು ಬಾಲ್ಯದಿಂದ ಕಂಡ ಕಡತವೇ ಇಲ್ಲಿ ದುಂಡಗೆ ತೆರೆದುಕೊಂಡಿತ್ತು.

ಗೋಮುಖದ ಧಾರೆಯ ಬಳಿಯಿಂದ ಕೆಳಗಿಳಿಯುವ ಹಾದಿ ಇದೆ. ಬೆಟ್ಟದ ಹೊಟ್ಟೆಯಿಂದ ಬರುವ ಆ ಸಿಹಿನೀರಿನಲ್ಲಿ ಯಾತ್ರಿಕರು ಮೀಯುತ್ತಾರೆ. ಹುಣಿಸೆ, ಬೇವು, ಸೀತಾಫಲದ ಗಿಡಗಳ ನಡುವೆ ಇಳಿಯುತ್ತ ಹೋದಂತೆ ಊರಿನ ಸದ್ದು ಒಂದೊಂದಾಗಿ ನಿಂತಿತು. ನವಿಲಿನ ಕೂಗು ಮಾತ್ರ ಉಳಿಯಿತು. ನೀರಿನ ಅಂಚಿನಲ್ಲಿ ಕಮಲಜಾ ದೇವಿಯ ಹಳೆಯ ಗುಡಿ. ಅಲ್ಲಿ ಕೆಸರಿನ ಮೇಲೆ ಕಾಲಿಟ್ಟು ಬಗ್ಗಿ ಒಂದು ಬೊಗಸೆ ನೀರು ತೆಗೆದುಕೊಂಡೆ. ಕೊಳೆತ ಪಾಚಿಯ ಘಾಟು. ಬೆರಳಿಗೆ ಬೆರಳು ಉಜ್ಜಿದರೆ ಸಾಬೂನಿನಂತೆ ಜಾರುತ್ತಿತ್ತು. ಡೋಣಿಯ ಸವುಳು ನೀರನ್ನು ಕಂಡು ಬೆಳೆದವನು ನಾನು. ಇದು ಅದಕ್ಕಿಂತ ಎಷ್ಟೋ ಪಾಲು ಸವುಳು.

ಉಪ್ಪು ಎಲ್ಲಿಂದ ಬಂತು? ಈ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟದ್ದು ಪುರಾಣ. ಲೋಣಾಸುರ ಅಥವಾ ಲವಣಾಸುರನೆಂಬ ದೈತ್ಯ ನೆಲದೊಳಗೆ ಬಿಲ ಮಾಡಿಕೊಂಡು ಲೋಕವನ್ನು ಪೀಡಿಸುತ್ತಿದ್ದ. ವಿಷ್ಣು ಸುಂದರ ತರುಣನಾಗಿ ಬಂದು, ಆ ಬಿಲದ ಮುಚ್ಚಳವನ್ನು ಕಾಲ್ಬೆರಳಿನಿಂದ ಹಾರಿಸಿ, ಅವನನ್ನು ಕೊಂದು ದೈತ್ಯಸೂದನನಾದ. ಅಸುರನ ರಕ್ತ ನೀರಾಯಿತು, ಮಾಂಸ ಉಪ್ಪಾಯಿತು. ಊರೊಳಗಿನ ದೈತ್ಯಸೂದನ ಗುಡಿ ಈ ಕಥೆಯ ಸ್ಮಾರಕ. ನಕ್ಷತ್ರಾಕಾರದ ತಳವಿನ್ಯಾಸ, ಹೊರಗೋಡೆಯ ತುಂಬ ಮೂರ್ತಿಗಳು. ಜನ ಅದನ್ನು ಹೇಮಾಡಪಂತಿ ಎನ್ನುತ್ತಾರೆ. ಚಾಲುಕ್ಯ ಶಿಲ್ಪವನ್ನು ಕಂಡ ನಮ್ಮ ಕಣ್ಣಿಗೆ ಅದು ಹೊಸದೆನಿಸುವುದಿಲ್ಲ. ದೂರದ ಊರಿನಲ್ಲಿ ಬಳಗದವರ ಮುಖ ಕಂಡಂತಾಗುತ್ತದೆ.

ಎರಡನೆಯ ಉತ್ತರ ವ್ಯವಹಾರದ್ದು. 16ನೆಯ ಶತಮಾನದ ಕೊನೆಗೆ ಅಬುಲ್ ಫಜಲ್ ತನ್ನ ಐನ್-ಇ-ಅಕ್ಬರಿಯಲ್ಲಿ ವರ್ಹಾಡದ ವರ್ಣನೆ ಮಾಡುತ್ತ ಲೋಣಾರವನ್ನು ಹೆಸರಿಸುತ್ತಾನೆ. ಬ್ರಾಹ್ಮಣರು ಅದನ್ನು ವಿಷ್ಣುಗಯೆ ಎನ್ನುತ್ತಾರೆಂದೂ, ಗಾಜಿಗೂ ಸಾಬೂನಿಗೂ ಬೇಕಾದ ವಸ್ತುಗಳು ಅಲ್ಲಿ ದೊರೆಯುತ್ತವೆಂದೂ, ಸರಕಾರಕ್ಕೆ ಒಳ್ಳೆಯ ಆದಾಯವಿದೆಯೆಂದೂ ಅವನ ಲೆಕ್ಕ. ಅವನಿಗೆ ಗುಂಡಿ ಹೇಗಾಯಿತೆಂಬ ಚಿಂತೆಯಿಲ್ಲ. ಏನು ಹುಟ್ಟುತ್ತದೆ ಎಂಬುದು ಮುಖ್ಯ. ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ದಡದ ಮೇಲೆ ಹೆಪ್ಪುಗಟ್ಟುವ ಸೋಡಾವನ್ನು ಕೆರೆದು ಮಾರುವ ಕಸುಬು ಬಹುಕಾಲ ಇಲ್ಲಿ ನಡೆದಿತ್ತು.

ಮೂರನೆಯ ಉತ್ತರ ರಸಾಯನಶಾಸ್ತ್ರದ್ದು. ಅದು ಬಹಳ ಸರಳ. ಈ ಬೋಗುಣಿಗೆ ಒಳಹರಿವು ಉಂಟು, ಹೊರಹರಿವು ಇಲ್ಲ. ಮಳೆನೀರೂ ಊಟೆಯ ನೀರೂ ಕರಿಕಲ್ಲನ್ನು ತೊಳೆದು ಅದರೊಳಗಿನ ಸೋಡಿಯಂ ಮುಂತಾದ ಲವಣಗಳನ್ನು ಹೊತ್ತು ಇಳಿಯುತ್ತದೆ. ಬಿಸಿಲು ನೀರನ್ನು ಒಯ್ಯುತ್ತದೆ, ಲವಣವನ್ನು ಬಿಟ್ಟುಹೋಗುತ್ತದೆ. ಸಾವಿರಾರು ಬೇಸಗೆಗಳ ಶಿಲ್ಕು ಕೆಳಗೆ ಕೂಡುತ್ತ ಬಂದಿದೆ. ನೀರಾವರಿ ಹೆಚ್ಚಾಗಿ, ಬಸಿಗಾಲುವೆಯಿಲ್ಲದೆ ನಮ್ಮ ಹೊಲಗಳು ಸವುಳಾಗುವುದೂ ಇದೇ ನಿಯಮದಿಂದ. ಅಸುರ ಅಲ್ಲಿಯೂ ಒಬ್ಬನೇ, ಇಲ್ಲಿಯೂ ಒಬ್ಬನೇ.

ಗುಂಡಿಯ ಹುಟ್ಟಿನ ಪ್ರಶ್ನೆ ಮಾತ್ರ ಇಷ್ಟು ಸುಲಭವಾಗಿರಲಿಲ್ಲ. 1823ರಲ್ಲಿ ಜೆ. ಇ. ಅಲೆಕ್ಸಾಂಡರ್ ಎಂಬ ಬ್ರಿಟಿಷ್ ಅಧಿಕಾರಿ ಇದನ್ನು ನೋಡಿ ಬರೆದಂದಿನಿಂದ ಪಂಡಿತರು ಒಬ್ಬರ ಹಿಂದೊಬ್ಬರು ಇಲ್ಲಿಗೆ ಬಂದರು. ಸುತ್ತಮುತ್ತ ನೂರಾರು ಮೈಲಿ ಶಿಲಾರಸದ ಕಲ್ಲು. ನಡುವೆ ದುಂಡನೆಯ ಕುಳಿ. ಜ್ವಾಲಾಮುಖಿಯಲ್ಲದೆ ಇನ್ನೇನು? ಆದರೆ ತೊಂದರೆ ಇಲ್ಲಿತ್ತು: ಕುಳಿಯಿಂದ ಹರಿದು ಬಂದ ಹೊಸ ಶಿಲಾರಸವಾಗಲಿ, ಬೂದಿಯ ಗುಡ್ಡವಾಗಲಿ ಎಲ್ಲಿಯೂ ಇಲ್ಲ. ಆದ್ದರಿಂದ ಕೆಲವರು, ಒಳಗಿನ ಹಬೆಯ ಒತ್ತಡದಿಂದ ನೆಲ ಒಮ್ಮೆಗೇ ಸಿಡಿಯಿತು, ಶಿಲಾರಸ ಹೊರಬರಲೇ ಇಲ್ಲ ಎಂದರು. ಕೆಲವರು, ನೆಲ ಉಬ್ಬಿ ಅನಂತರ ಕುಸಿಯಿತು ಎಂದರು. ಹೊನವಾಡದ ಹುಡುಗ ಕೇಳಿದ ಪ್ರಶ್ನೆ, ಶತಮಾನದ ಕಾಲ ದೊಡ್ಡ ದೊಡ್ಡ ವಿದ್ವಾಂಸರನ್ನು ಕಾಡಿದ ಪ್ರಶ್ನೆಯೇ ಆಗಿತ್ತು. ಅವರಾರೂ ಅದನ್ನು ಅಧಿಕಪ್ರಸಂಗವೆನ್ನಲಿಲ್ಲ.

1896ರಲ್ಲಿ ಅಮೆರಿಕದ ಗಿಲ್ಬರ್ಟ್ ಎಂಬ ಮಹಾಪಂಡಿತ ಒಂದು ಸೊಗಸಾದ ಹೋಲಿಕೆ ಮಾಡಿದ. ಅವರ ದೇಶದ ಅರಿಜೋನಾದಲ್ಲಿ ಇಂಥದೇ ಒಂದು ಕುಳಿಯಿದೆ. ಲೋಣಾರ ಅದರ ಜೊತೆಗಾರ ಎಂದ. ಹೋಲಿಕೆ ಸರಿಯಾಗಿತ್ತು, ತೀರ್ಪು ತಪ್ಪಿತು. ಉಲ್ಕೆಯ ಸಾಧ್ಯತೆಯನ್ನು ಪರಿಶೀಲಿಸಿಯೂ ಅವನು ಕೊನೆಗೆ ಹಬೆಯ ಸ್ಫೋಟವನ್ನೇ ಒಪ್ಪಿದ. ಅರಿಜೋನಾದ ಕುಳಿ ಉಲ್ಕೆಯದೆಂದು ನಿರ್ವಿವಾದವಾಗಿ ಸಿದ್ಧವಾಗಲು 1960ರವರೆಗೆ ಕಾಯಬೇಕಾಯಿತು. ಅದರ ಬೆನ್ನಿಗೆ 1961ರಲ್ಲಿ ನಂದಿ ಮತ್ತು ದೇವ್ ಎಂಬ ನಮ್ಮ ದೇಶದ ವಿದ್ವಾಂಸರೂ, 1964ರಲ್ಲಿ ಲಫಾಂಡ್ ಮತ್ತು ಡೀಟ್ಸ್ ಎಂಬವರೂ ಲೋಣಾರಕ್ಕೆ ಅದೇ ಕಾರಣವನ್ನು ಸೂಚಿಸಿದರು.

ಸೂಚನೆ ಬೇರೆ, ಸಾಕ್ಷ್ಯ ಬೇರೆ. ಸಾಕ್ಷ್ಯಕ್ಕಾಗಿ ನಮ್ಮ ಭೂವಿಜ್ಞಾನಿಗಳೂ ಅಮೆರಿಕದವರೂ ಕೂಡಿ ಸರೋವರದ ತಳದಲ್ಲಿ ಬೋರು ಕೊರೆಸಿದರು. ಸುಮಾರು 100 ಮೀಟರಿನಷ್ಟು ಹೂಳು ದಾಟಿದ ಮೇಲೆ ನುಚ್ಚುನೂರಾದ ಕರಿಕಲ್ಲು ಸಿಕ್ಕಿತು. ಆ ನುಚ್ಚಿನಲ್ಲಿ ಮ್ಯಾಸ್ಕೆಲಿನೈಟ್ ಎಂಬ ವಸ್ತುವಿತ್ತು. ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಹರಳು, ಬೆಂಕಿಯಲ್ಲಿ ಕರಗದೆ, ಕೇವಲ ಆಘಾತದ ಒತ್ತಡದಿಂದಲೇ ಗಾಜಾದರೆ ಅದಕ್ಕೆ ಈ ಹೆಸರು. ಯಾವ ಜ್ವಾಲಾಮುಖಿಗೂ ಅಂಥ ಹೊಡೆತದ ಶಕ್ತಿಯಿಲ್ಲ. ಈ ವಸ್ತುವನ್ನು ಮೊದಲು ಗುರುತಿಸಿದ್ದು 1865ರಲ್ಲಿ ಬಿಹಾರದ ಶೇರಘಾಟಿಯಲ್ಲಿ ಬಿದ್ದ ಉಲ್ಕೆಯೊಂದರಲ್ಲಿ. ಆ ಉಲ್ಕೆ ಮಂಗಳಗ್ರಹದ ತುಣುಕೆಂದು ಈಗ ಗೊತ್ತಾಗಿದೆ. ಫ್ರೆಡ್ರಿಕ್ಸನ್, ದುಬೆ, ಮಿಲ್ಟನ್, ಬಾಲಸುಂದರಂ ಎಂಬ ನಾಲ್ವರು 1973ರಲ್ಲಿ ಈ ಸಾಕ್ಷ್ಯವನ್ನು ಲೋಕದ ಮುಂದಿಟ್ಟರು. 150 ವರ್ಷಗಳ ವ್ಯಾಜ್ಯ ಅಲ್ಲಿಗೆ ತೀರಿತು.

ಆದರೆ ಅಂಚಿನ ಮೇಲೆ ನಿಂತಾಗ, ಬೋರೂ ಸೂಕ್ಷ್ಮದರ್ಶಕವೂ ಇಲ್ಲದೆಯೇ ಕಾಣುವ ಒಂದು ಸಾಕ್ಷ್ಯ ನನಗೆ ಕಂಡಿತು. ನಮ್ಮ ಸೀಮೆಯಲ್ಲಿ ಕರಿಕಲ್ಲಿನ ಪದರಗಳು ಹಾಸಿದ ಜಮಖಾನೆಯಂತೆ ಸಮನಾಗಿ ಮಲಗಿರುತ್ತವೆ. ಇಲ್ಲಿ ಕುಳಿಯ ಅಂಚಿಗೆ ಬಂದಾಗ ಅವು ಮೇಲಕ್ಕೆ ಎದ್ದು ಹೊರಗೆ ಮಗುಚಿವೆ. ಹಸಿಯ ಸೆಗಣಿಯ ಮೇಲೆ ಕಲ್ಲು ಬಿದ್ದರೆ ಸುತ್ತಲಿನ ಅಂಚು ಏಳುವಂತೆ! ಸುತ್ತಲಿನ ನೆಲಕ್ಕಿಂತ ಈ ಅಂಚು 20 ಮೀಟರಿಗೂ ಎತ್ತರ. ಊರಿನಿಂದ ಬರುವಾಗ ನಾನು ಹತ್ತಿದ ಸಣ್ಣ ಏರು ಅದೇ. ಸೆಕೆಂಡಿಗೆ ಹತ್ತಾರು ಕಿಲೋಮೀಟರು ವೇಗದಿಂದ ಬಂದ ಕಲ್ಲೊಂದು ನೆಲಕ್ಕೆ ಅಪ್ಪಳಿಸಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಈ ಬೋಗುಣಿಯನ್ನು ತೋಡಿತು.

ಅದು ಯಾವಾಗ? ಮೊದಲಿನ ಒಂದು ಅಳತೆಯಲ್ಲಿ 52,000 ವರ್ಷಗಳೆಂದು ಬಂದಿತ್ತು. ಈಗಲೂ ಅನೇಕ ಕಡೆ ಆ ಸಂಖ್ಯೆಯನ್ನೇ ಬರೆಯುತ್ತಾರೆ. 2011ರಲ್ಲಿ ಪ್ರಕಟವಾದ, ಆರ್ಗಾನ್ ವಿಧಾನದ ಅಳತೆ ಸುಮಾರು 5 ಲಕ್ಷ 70 ಸಾವಿರ ವರ್ಷ ಎನ್ನುತ್ತದೆ. ಹೊನವಾಡದ ಕರಿಕಲ್ಲು ಆರಿದ ದಿನದಿಂದ ಇಂದಿನವರೆಗಿನ ಕಾಲವನ್ನು ಒಂದು ವರ್ಷವೆಂದು ಎಣಿಸಿದರೆ, ಲೋಣಾರದ ಗುಂಡಿ ಬಿದ್ದದ್ದು ವರ್ಷಾಂತ್ಯಕ್ಕೆ ಮೂರು ದಿನ ಉಳಿದಿರುವಾಗ. ಆ ಗುಂಡಿಯನ್ನು ಈ ಕಲ್ಲಿಗೆ ತಾಯಿಯೆಂದು ನಾನು ಹಲಗೆಯ ಮೇಲೆ ಬರೆದಿದ್ದೆ. ಮೊಮ್ಮಗುವನ್ನು ಅಜ್ಜಿಯ ತಾಯಿಯೆಂದಂತೆ!

ಒಂದು ವಿಚಾರ ನನ್ನನ್ನು ಆ ದಡದ ಮೇಲೆ ಬಹಳ ಹೊತ್ತು ಕೂರಿಸಿತು. ಆ ದಿನ ಇದನ್ನು ಕಂಡವರಿದ್ದರೆ? ನಮ್ಮ ಪುರಾಣದ ಮುಚ್ಚಳ ಹಾರಿದ ಕಥೆಯಲ್ಲಿ ಯಾವುದಾದರೂ ನೆನಪು ಅಡಗಿರಬಹುದೇ? ಇಲ್ಲ, ಅಷ್ಟು ದೂರದ ನೆನಪನ್ನು ಯಾವ ನುಡಿಯೂ ಹೊತ್ತು ತರಲಾರದು. ನಮ್ಮ ಮನುಷ್ಯಕುಲವೇ ಆಗ ಹುಟ್ಟಿರಲಿಲ್ಲ. ಆದರೆ ನೆಲ ನಿರ್ಜನವಾಗಿರಲೂ ಇಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿಯ ಬಳಿ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಹಳೆ ಶಿಲಾಯುಗದ ಕಲ್ಲುಗಣಿಯನ್ನೇ ಅಗೆದು ತೆಗೆದಿದ್ದಾರೆ. ಕೈಗೊಡಲಿಗಳನ್ನು ಅಲ್ಲಿಯೇ ಕೂತು ಒಡೆದು ಮಾಡಿದ ಕುರುಹುಗಳಿವೆ. ಅದರ ಕಾಲವನ್ನು ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಅಂದಾಜು ಮಾಡಿದ್ದಾರೆ. ಎಂದರೆ ಲೋಣಾರದ ಉಲ್ಕೆ ಬೀಳುವುದಕ್ಕೆ ಬಹು ಹಿಂದಿನಿಂದಲೇ ಕೃಷ್ಣೆಯ ಈ ಕಣಿವೆಗಳಲ್ಲಿ ಕಲ್ಲಿನ ಆಯುಧ ಹಿಡಿದ ಜೀವಿಗಳು ಓಡಾಡಿದ್ದರು. ಗೋದಾವರಿಯ ಸೀಮೆಯಲ್ಲಿ ಅಂಥವರು ಯಾರಾದರೂ ಆ ದಿನ ತಲೆಯೆತ್ತಿ ಆಕಾಶವನ್ನು ನೋಡಿದ್ದರೆ, ಎರಡನೆಯ ಸೂರ್ಯನನ್ನು ಕಂಡಿರಬೇಕು. ಹತ್ತಿರದಲ್ಲಿದ್ದವರು ಆ ಸುದ್ದಿಯನ್ನು ಯಾರಿಗೂ ಹೇಳಲು ಉಳಿದಿರಲಾರರು.

ಇತಿಹಾಸ ಹೇಳಿಕೊಟ್ಟು ಕೂದಲು ನರೆತವನು ನಾನು. ಈ ಗುಂಡಿ ನನಗೆ ಕಲಿಸಿದ ಇತಿಹಾಸದ ಪಾಠ ಒಂದಿದೆ. ಪಂಡಿತರು ಎಡವಿದ್ದು ಬುದ್ಧಿ ಸಾಲದೆ ಅಲ್ಲ. ಸುತ್ತಲೂ ಕಾಣುವುದರಿಂದಲೇ ನಡುವೆ ಇರುವುದನ್ನು ಅರ್ಥಮಾಡಬೇಕೆಂಬುದು ಸಹಜ ನ್ಯಾಯ. ಬಹಳ ಸಲ ಅದು ಸರಿಯಾದ ನ್ಯಾಯವೇ. ನಮ್ಮ ಜಿಲ್ಲೆಯ ತಾಳಿಕೋಟೆಯ ಹೆಸರಿನಲ್ಲಿ 1565ರ ಯುದ್ಧವನ್ನು ಕರೆಯುತ್ತೇವೆ. ಯುದ್ಧ ನಡೆದದ್ದು ಅಲ್ಲಿಂದ ದೂರ, ಕೃಷ್ಣೆಯ ಆಚೆ ದಡದ ಬಯಲಿನಲ್ಲಿ. ದಂಡು ಬೀಡುಬಿಟ್ಟ ಊರು ಪರಿಚಿತವಾದ್ದರಿಂದ ಹೆಸರು ಅದಕ್ಕೆ ಅಂಟಿತು. ಪರಿಚಿತವಾದದ್ದು ಸತ್ಯದ ಜಾಗದಲ್ಲಿ ಬಂದು ಕೂರುವುದು ಹೀಗೆ. ಅದನ್ನು ಎಬ್ಬಿಸಲು ಕೆಲವೊಮ್ಮೆ ಬೋರು ಕೊರೆಯಬೇಕಾಗುತ್ತದೆ. ಕೆಲವೊಮ್ಮೆ ಒಬ್ಬ ಹುಡುಗ ಎದ್ದು ನಿಂತರೆ ಸಾಕು.

ಲೋಣಾರದ ಇಂದಿನ ಸ್ಥಿತಿಯ ಬಗ್ಗೆ ಒಂದು ಮಾತು. 2020ರ ಜೂನಿನಲ್ಲಿ ಸರೋವರದ ನೀರು ಇದ್ದಕ್ಕಿದ್ದಂತೆ ಗುಲಾಬಿ ಬಣ್ಣಕ್ಕೆ ತಿರುಗಿದಾಗ ದೇಶದ ಕಣ್ಣು ಅತ್ತ ಹೊರಳಿತು. ನೀರು ತಗ್ಗಿ ಉಪ್ಪು ಹೆಚ್ಚಾದಾಗ ಬೆಳೆಯುವ, ಲವಣಪ್ರಿಯವಾದ ಸೂಕ್ಷ್ಮಜೀವಿಗಳ ಬಣ್ಣ ಅದೆಂದು ಪುಣೆಯ ಆಘಾರಕರ್ ಸಂಸ್ಥೆಯವರು ಪರೀಕ್ಷಿಸಿ ಹೇಳಿದರು. ಮಳೆ ಬಂದು ಬಣ್ಣ ಹೋಯಿತು. ಅದೇ ವರ್ಷದ ನವೆಂಬರಿನಲ್ಲಿ ಲೋಣಾರ ರಾಮ್‌ಸಾರ್ ಪಟ್ಟಿಗೆ ಸೇರಿತು. ಗೌರವ ದೊಡ್ಡದು; ಭಯವೂ ಇದೆ. ಉಪ್ಪೇ ಈ ಸರೋವರದ ಪ್ರಾಣ. ಹೊರಗಿನ ಸಿಹಿನೀರೂ ಕೊಳೆನೀರೂ ಹೆಚ್ಚಾಗಿ ಬಂದು ಸೇರಿದರೆ ಉಪ್ಪು ತಿಳಿಯಾಗಿ, ಅದನ್ನೇ ನೆಚ್ಚಿದ ಜೀವಿಗಳು ಹೋಗಿ, ಇದೂ ಸಾಧಾರಣವಾದ ಒಂದು ಕೆರೆಯಾದೀತು. ಕೆರೆ ಸಿಹಿಯಾಗಲೆಂದು ಬೇಡುವ ನಾಡಿನಿಂದ ಹೋದ ನಾನು, ಈ ಒಂದು ಕೆರೆ ಸವುಳಾಗಿಯೇ ಉಳಿಯಲೆಂದು ಹಾರೈಸಿ ಬಂದೆ.

ಮರಳಿ ಬಂದ ವಾರದಲ್ಲಿಯೇ ಹೊನವಾಡದ ಕಡೆ ಹೋದೆ. ಆ ಹುಡುಗ ಈಗ ಐವತ್ತರ ಗೃಹಸ್ಥ, ದ್ರಾಕ್ಷಿ ಬೆಳೆಗಾರ. ಅವರ ಹಳೆಯ ಬಾವಿ ಬತ್ತಿ ಬಹಳ ವರ್ಷಗಳಾದವಂತೆ. ತೋಟಕ್ಕೆ ನೀರು ಬೋರಿನದು. "ಬರ್ರಿ ಸರ, ಎಷ್ಟ ವರ್ಷಕ್ಕ ಬಂದ್ರಿ" ಎಂದು ಚಹ ತರಿಸಿದ. ನಾನು ಬಂದ ಕಾರಣವನ್ನು ಹೇಳಿದೆ. ಅಂದು ನೀನು ಕೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು ಎಂದೆ. ನಿಮ್ಮ ಬಾವಿಯ ಕಲ್ಲು ಲೋಣಾರದಿಂದ ಬಂದುದಲ್ಲ. ಒಂದು ಬಾಯಿಂದ ಬಂದದ್ದೂ ಅಲ್ಲ. ಪಶ್ಚಿಮಕ್ಕೂ ಉತ್ತರಕ್ಕೂ ನೆಲ ಉದ್ದುದ್ದ ಸೀಳಿ, ಆ ಸೀಳುಗಳಿಂದ ಉಕ್ಕಿ, ಹೊರಗೆ ತೊಗಟೆ ಆರಿದರೂ ಒಳಗೆ ಬಿಸಿಯಾಗಿಯೇ ನೂರಾರು ಕಿಲೋಮೀಟರು ಹರಿದು ಬಂದದ್ದು. ಗುಂಡಿ ಆದದ್ದು ಎಷ್ಟೋ ಕಾಲದ ಮೇಲೆ, ಮೇಲಿನಿಂದ ಬಿದ್ದ ಕಲ್ಲಿನಿಂದ ಎಂದು ಕ್ರಮವಾಗಿ ವಿವರಿಸಿದೆ. ನನ್ನ ಆಯುಷ್ಯದಲ್ಲಿ ಅಷ್ಟು ಶ್ರದ್ಧೆಯಿಂದ ಪಾಠ ಮಾಡಿದ ನೆನಪಿಲ್ಲ.

ಹೊರಗೆ ನಿಲ್ಲಿಸಿದ್ದು ಅವನಿಗೆ ನೆನಪೇ ಇರಲಿಲ್ಲ. ಅಥವಾ ನನ್ನ ಮುಖ ನೋಡಿ ಇಲ್ಲವೆಂದನೋ ತಿಳಿಯದು. ಚಹದ ಬಸಿಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಹಂಗಾದ್ರ ಸರ, ಆ ಬಿದ್ದ ಕಲ್ಲ ಎಲ್ಲಿ ಹೋತ್ರಿ?"

ನನಗೆ ಬಂದ ಸಂತೋಷವನ್ನು ಹೇಗೆ ಹೇಳಲಿ! ಆ ಹೊಡೆತದಲ್ಲಿ ಬಂದ ಕಲ್ಲಿನ ಬಹುಪಾಲು ತಾನೇ ಕರಗಿ ಆವಿಯಾಗಿ ಹೋಗುತ್ತದೆ. ಅಳಿದುಳಿದದ್ದು ನುಚ್ಚಿನಲ್ಲಿ ಬೆರೆತಿರುತ್ತದೆ. ಇಡಿಯ ಕಲ್ಲು ಇಂದಿನವರೆಗೂ ಸಿಕ್ಕಿಲ್ಲ ಎಂದು ನನಗೆ ತಿಳಿದಷ್ಟನ್ನು ಹೇಳಿದೆ. ಅವನು ತಲೆಯಾಡಿಸಿದ. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವನ ಮಗಳು, ಒಂಬತ್ತನೆಯ ಇಯತ್ತೆಯವಳು, ಇನ್ನೇನನ್ನೋ ಕೇಳಲು ಬಾಯಿ ತೆರೆದಿದ್ದಳು. ಒಳಗೆ ಬಾ ತಾಯೀ, ಕುಂತು ಕೇಳು ಎಂದೆ.